ನಾನು ಎಂದರೆ ಎರಡು ಪೌಂಡು

ಅಂಚೆಯ ಕಪ್ಪು ಮೊಹರಿಗೆ ಸಾಹಿತ್ಯ ವಿಮರ್ಶೆಯ ಗೀಳು ಇತ್ತೆಂಬುದು ನನ್ನ ಬಹುಕಾಲದ ಗುಮಾನಿ. ಇಲ್ಲದಿದ್ದರೆ ಇಡೀ ಕಾರ್ಡಿನಲ್ಲಿ ಅಷ್ಟೆಲ್ಲ ಜಾಗ ಬಿದ್ದಿರುವಾಗ, ಬೇಕಾದ ಆ ಒಂದೇ ಒಂದು ಪದದ ಮೇಲೆ ಬಂದು ಅದು ಯಾಕೆ ಕೂರಬೇಕು ಹೇಳಿ. ನಾನು ಪತ್ರಿಕೆಗಳಿಗೆ ಅಷ್ಟಿಷ್ಟು ಬರೆಯಲು ಶುರುಮಾಡಿದ ಕಾಲಕ್ಕೆ ಓದುಗರ ಮೆಚ್ಚುಗೆ, ಬುದ್ಧಿವಾದ, ಬೈಗುಳ ಎಲ್ಲವೂ ಬರುತ್ತಿದ್ದದ್ದು ಕಾರ್ಡಿನಲ್ಲೇ. ಕಾರ್ಡು ಬರೆಯುವ ಓದುಗರು ಜಾಗದ ವಿಷಯದಲ್ಲಿ ಬಹಳ ಲೆಕ್ಕಾಚಾರದವರು. ಹಿಂಬದಿ ತುಂಬಿತೋ, ವಿಳಾಸದ ಬದಿಯ ಎಡಗಡೆಯ ಅರ್ಧಕ್ಕೆ ಹೊರಳುತ್ತಾರೆ. ಅದೂ ಮುಗಿಯಿತೋ, ಅಂಚಿನುದ್ದಕ್ಕೂ ಕಾರ್ಡು ತಿರುಗಿಸಿ ತಿರುಗಿಸಿ ಬರೆಯುತ್ತಾರೆ. ಹೀಗಾಗಿ ಮಾತು ತೀರ್ಪಿನ ಹತ್ತಿರ ಬರುವ ಹೊತ್ತಿಗೆ ಅದು ತಾನಾಗಿ ಮೊಹರಿನ ಸರಹದ್ದಿಗೆ ಬಂದಿರುತ್ತದೆ. ಮೊಹರು ಹಾಕುವವರಿಗೆ ಇದರಲ್ಲಿ ಕೆಟ್ಟ ಉದ್ದೇಶ ಇರಲಾರದು. ಒಂದು ರಾಶಿ ಕಾರ್ಡು ಮುಂದಿಟ್ಟುಕೊಂಡು ದಬದಬ ಕುಟ್ಟುವವರಿಗೆ ಇದು ಪ್ರಬಂಧ, ಇದು ಅದರ ಪ್ರಶಂಸೆ ಎಂದು ನೋಡುತ್ತ ಕೂರಲು ಪುರುಸೊತ್ತೆಲ್ಲಿ?

ಅಂಥ ಕಾರ್ಡೊಂದು ನನ್ನ ಹಳೆಯ ಟ್ರಂಕಿನಲ್ಲಿ ಈಗಲೂ ಇದೆ. ‘ನಿಮ್ಮ ಈ ವಾರದ ಪ್ರಬಂಧ ಓದಿದೆ. ಮೊದಲಿನವುಗಳ ಹಾಗೆ ಚೆನ್ನಾಗಿ’ ಎನ್ನುವವರೆಗೆ ನೀಲಿ ಶಾಯಿಯ ದುಂಡು ಅಕ್ಷರ. ಅಲ್ಲಿಂದಾಚೆ ದಪ್ಪ ಕಪ್ಪು ಗೋಲ, ಅದರೊಳಗೆ ಊರು, ತಾರೀಕು. ಗೋಲದ ಆಚೆ ದಂಡೆಯಲ್ಲಿ ‘ಇಂತಿ ತಮ್ಮ ಅಭಿಮಾನಿ’. ನಾನು ‘ಚೆನ್ನಾಗಿದೆ’ ಎಂದು ಓದಿಕೊಂಡೆ. ಅಭಿಮಾನಿ ಎಂಬ ಸಾಕ್ಷಿ ಪಕ್ಕದಲ್ಲೇ ನಿಂತಿದೆಯಲ್ಲ! ನಮ್ಮ ಮನೆಯವಳು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿಲ್ಲ ಅಂತಲೂ ಇರಬಹುದು ರೀ” ಎಂದಳು. ಇರಲಿ, ಒಂದು ವಾರ ಕೆಟ್ಟರೂ ಮೊದಲಿನವು ಚೆನ್ನಾಗಿದ್ದವು ಎಂದಾದರೂ ಆಯಿತಲ್ಲ ಎಂದು ನಾನು ಸಮಾಧಾನಕ್ಕೆ ಹೊರಟರೆ ಅವಳು ಅದಕ್ಕೂ ಎಡೆಗೊಡಲಿಲ್ಲ. “ಮೊದಲಿನವುಗಳ ಹಾಗೆ ಇದೂ ಚೆನ್ನಾಗಿಲ್ಲ ಅಂತ ಬರೆದಿದ್ದರೆ?” ಎಂದು ಕಾರ್ಡು ವಾಪಸು ಕೊಟ್ಟು ಒಲೆಯ ಕಡೆ ಹೋದಳು. ಒಂದು ವಾಕ್ಯಕ್ಕೆ ಮೂರು ಅರ್ಥ ಹುಟ್ಟಿಸುವ ಶಕ್ತಿ ಆಲಂಕಾರಿಕರಿಗೆ ಇತ್ತೆಂದು ಓದಿದ್ದೆ. ಅಂಚೆ ಮೊಹರಿಗೂ ಇದೆ ಎಂದು ಅವತ್ತು ತಿಳಿಯಿತು.

ಆಮೇಲೆ ಕೂತು ಯೋಚಿಸಿದಾಗ ನನಗೆ ಹೊಳೆದದ್ದು, ತಪ್ಪು ಮೊಹರಿನದಲ್ಲ, ನಮ್ಮ ಭಾಷೆಯ ಜಾಯಮಾನದ್ದು. ಕನ್ನಡದಲ್ಲಿ ಹೌದು ಅಲ್ಲ ಎನ್ನುವ ಇತ್ಯರ್ಥ ಆಗುವುದು ವಾಕ್ಯದ ಬಾಲದಲ್ಲಿ. ‘ತಮ್ಮ ಸರಸ ಶೈಲಿಯ ಬರಹವನ್ನು ಮನೆಮಂದಿಯೆಲ್ಲ ಕೂತು ಓದಿ ಮನಸಾರೆ ಆನಂದಿಸ’ ಎನ್ನುವವರೆಗೆ ಬಂದರೂ ಏನೂ ಖಾತ್ರಿ ಇಲ್ಲ. ‘ಲಾಗಲಿಲ್ಲ’ ಎಂದು ಕೊನೆಗೆ ಒಂದು ಒದೆ ಕೊಟ್ಟರೆ ಅಷ್ಟೂ ನೆಲಕಚ್ಚಿತು. ಇಂಗ್ಲಿಷಿನವರು ‘ನಾಟ್’ ಎಂಬ ಮುಳ್ಳನ್ನು ನಡುವಿನಲ್ಲೇ ಚುಚ್ಚಿ ಮುಂದೆ ಹೋಗುತ್ತಾರೆ. ಅವರ ಕಾಗದ ಅರ್ಧ ಹರಿದು ಬಂದರೂ ಲೇಖಕನಿಗೆ ಅಳಬೇಕೋ ನಗಬೇಕೋ ಗೊತ್ತಾಗುತ್ತದೆ. ನಮ್ಮ ಓದುಗ ಸಭ್ಯ. ಅಷ್ಟು ದೂರ ಕೈಹಿಡಿದು ನಡೆಸಿಕೊಂಡು ಹೋಗಿ ಆಮೇಲೆ ಬಾವಿ ತೋರಿಸುತ್ತಾನೆ. ಇನ್ನು ಜಗತ್ತಿನ ಯಂತ್ರಗಳನ್ನೆಲ್ಲ ನೋಡಿ. ಅಂಚೆ, ಫೋನು, ಮೊಬೈಲು, ಯಾವುದೇ ಇರಲಿ, ಕೈಕೊಟ್ಟಾಗ ಮೊದಲು ತುಂಡಾಗುವುದು ಬಾಲವೇ. ಹೀಗೆ ಯಂತ್ರದ ರೋಗಕ್ಕೂ ಕನ್ನಡದ ವ್ಯಾಕರಣಕ್ಕೂ ಜಾತಕ ಕೂಡಿಬಂದು, ನನ್ನ ಪಾಲಿಗೆ ಬಂದ ಅಭಿಪ್ರಾಯಗಳಲ್ಲಿ ತೀರ್ಪೇ ಇಲ್ಲದ್ದು ಬಹಳ. ಬಾಲ ಇಲ್ಲದಲ್ಲಿ ಬಾಲ ಕೂಡಿಸುವ ಕೆಲಸ ಲೇಖಕನದು. ಆ ಕೆಲಸದಲ್ಲಿ ನನಗೆ ಬೇಸರ ಎಂಬುದಿಲ್ಲ.

ಬಾಲವಿರಲಿ, ಕಾಗದವೇ ಬಾರದ ಪ್ರಸಂಗಗಳೂ ಉಂಟು. ನಮ್ಮೂರು ಸಾಗರ. ಹೆಸರಿನಲ್ಲಿ ಸಾಗರವಾದರೂ ಇಲ್ಲಿ ಸಮುದ್ರ ಇಲ್ಲ. ಅದಕ್ಕೆ ಘಟ್ಟ ಇಳಿಯಬೇಕು. ಇದೇ ಹೆಸರಿನ ಇನ್ನೂ ದೊಡ್ಡ ಊರು ಮಧ್ಯಪ್ರದೇಶದಲ್ಲಿದೆ, ಅಲ್ಲೂ ಸಮುದ್ರ ಇಲ್ಲ. ಓದುಗರೊಬ್ಬರು ಇಂಗ್ಲಿಷಿನಲ್ಲಿ ನನ್ನ ಹೆಸರು, ಬೀದಿ, ಸಾಗರ ಎಂದಷ್ಟೇ ಬರೆದು ಡಬ್ಬಿಗೆ ಹಾಕಿದ್ದ ಲಕೋಟೆ ನೇರ ಅಲ್ಲಿಗೆ ಹೋಗಿ, ಅಲ್ಲಿಯ ಬೀದಿಗಳಲ್ಲಿ ನನ್ನನ್ನು ಹುಡುಕಿ, ಬೆನ್ನ ಮೇಲೆ ಹಿಂದಿಯಲ್ಲಿ ಷರಾ ಬರೆಸಿಕೊಂಡು ಕೊನೆಗೆ ಬರೆದವರ ಮನೆಗೇ ವಾಪಸು ಹೋಯಿತಂತೆ. ಉತ್ತರ ಭಾರತದಲ್ಲೂ ನನ್ನ ಬಗ್ಗೆ ವಿಚಾರಣೆ ನಡೆದಿದೆ ಎಂದು ನಾನು ಹೇಳಿಕೊಳ್ಳುವುದು ಈ ಆಧಾರದ ಮೇಲೆ.

ಇಂಥ ಗಲಿಬಿಲಿಗೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಒಂದೇ ಹೆಸರಿನ ಊರುಗಳು, ಊರಿಗೊಂದು ಕಾಗುಣಿತ, ಭಾಷೆಗೊಂದು ಲಿಪಿ. ಇದರ ನಡುವೆ ಯಾರಿಗೂ ಸಂಶಯ ಬರದ ಆರು ಅಂಕಿ. ಅಲ್ಲಿಯ ಸಾಗರ 4ರಿಂದ ಶುರು, ನಮ್ಮದು 5ರಿಂದ. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕಾವ್ಯ ಬರೆಯುತ್ತಿದ್ದರು ಎಂದು ತಿಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಮೆಚ್ಚುಗೆಯ ಕಾಗದ ದಾರಿ ತಪ್ಪಿದರೆ ಆಗುವ ಸಂಕಟ ಕವಿಯಲ್ಲದೆ ಇನ್ಯಾರಿಗೆ ಅರ್ಥವಾದೀತು? ಅವರು ಅದಕ್ಕೇ ಮಾಡಿದರು ಎಂದು ಎಲ್ಲೂ ದಾಖಲೆ ಇಲ್ಲ. ನನ್ನ ಊಹೆ ಅಷ್ಟೆ.

ಕಾರ್ಡಿನ ಬಗ್ಗೆ ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. 1879ರ ಜುಲೈಯಲ್ಲಿ ಈ ದೇಶಕ್ಕೆ ಕಾಲಿಟ್ಟಾಗ ಅದರ ಬೆಲೆ ಕಾಲಾಣೆ. ಆಮೇಲೆ ಅಕ್ಕಿ, ಬೇಳೆ, ಕಾಗದ, ಶಾಯಿ ಎಲ್ಲದರ ಬೆಲೆಯೂ ಏರಿತು. ಕಾರ್ಡು ಮಾತ್ರ ಐವತ್ತು ಪೈಸೆಯ ಹತ್ತಿರ ಕೂತು ವರ್ಷಾನುಗಟ್ಟಲೆ ಏಳಲೇ ಇಲ್ಲ. ಐವತ್ತು ಪೈಸೆಯ ನಾಣ್ಯವನ್ನು ಅಂಗಡಿಯವರು ಮುಟ್ಟುವುದನ್ನು ಬಿಟ್ಟ ಮೇಲೂ ಐವತ್ತು ಪೈಸೆಗೆ ಒಬ್ಬ ಲೇಖಕನನ್ನು ಬೈಯಬಹುದಿತ್ತು. ಆ ಅನುಕೂಲವನ್ನು ನಮ್ಮ ಜನ ಸರಿಯಾಗಿ ಬಳಸಿಕೊಳ್ಳಲಿಲ್ಲ ಎಂದೇ ನನ್ನ ಕೊರಗು.

ಫೋನಿನ ಕಥೆ ಉದ್ದ ಮಾಡುವುದಿಲ್ಲ. ಮಲೆನಾಡಿನಲ್ಲಿ ಮೊಬೈಲು ಇಟ್ಟುಕೊಂಡವರಿಗೆ ಗುಡ್ಡ ಹತ್ತುವ ಅಭ್ಯಾಸ ತನ್ನಿಂದ ತಾನೇ ಆಗುತ್ತದೆ. ನಮ್ಮ ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಒಂದು ಕಲ್ಲಿದೆ. ಅದರ ಮೇಲೆ ನಿಂತು ಮುಖವನ್ನು ಪೂರ್ವಕ್ಕೆ ಮಾಡಿದರೆ ಎರಡು ಕಡ್ಡಿ ಸಿಗ್ನಲ್. ಓದುಗರ ಕರೆ ಬಂದರೆ ನಾನು ಓಡಿಹೋಗಿ ಆ ಕಲ್ಲು ಹತ್ತುತ್ತೇನೆ. “ನಿಮ್ಮದೊಂದು ಬರಹ ಬಂದಿತ್ತಲ್ಲ ಸಾರ್, ಅದನ್ನ ಓದಿ ನಾವು ಮನೆಯವರೆಲ್ಲ ಸೇರಿ ಏನು ಮಾಡಿದ್ವಿ ಅಂದ್ರೆ” ಎನ್ನುವಷ್ಟರಲ್ಲಿ ಕರೆ ಕಟ್ಟಾಗುತ್ತದೆ. ತಿರುಗಿ ಮಾಡಿದರೆ ಹೆಣ್ಣುದನಿಯೊಂದು ವ್ಯಾಪ್ತಿ ಪ್ರದೇಶದ ಹೊರಗಿನ ವಿಚಾರ ಹೇಳುತ್ತದೆ. ಅವರು ಏನು ಮಾಡಿದರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಪತ್ರಿಕೆ ಬದಲಿಸಿದರೋ ಏನೋ.

ಮೆಸೇಜಿನ ಕಾಲ ಬಂತು. ಬರವಣಿಗೆ ಎಂದ ಮೇಲೆ ಕಟ್ಟಾಗುವ ಭಯವಿಲ್ಲ ಎಂದುಕೊಂಡೆ. ಆದರೆ ಮೆಸೇಜಿನ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡದಲ್ಲಿ ಬರೆದರೆ 70. ಅದೂ ನಾವು ಎಣಿಸುವ ಅಕ್ಷರವಲ್ಲ. ನಾವು ‘ಸ್ತ್ರೀ’ ಎಂದು ಒಂದೇ ಅಕ್ಷರ ಬರೆದು ಕೈತೊಳೆದುಕೊಂಡರೆ, ಮೊಬೈಲು ಅದನ್ನು ಸ, ಅದರ ಅರ್ಧಾಕ್ಷರದ ಗುರುತು, ತ, ಮತ್ತೆ ಗುರುತು, ರ, ಆಮೇಲೆ ದೀರ್ಘ ಎಂದು ಬಿಡಿಸಿ ಆರು ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಒತ್ತಕ್ಷರ ಹೆಚ್ಚು ಬಳಸುವ ಪಂಡಿತರಿಗೆ ಇದರಿಂದ ಆದ ನಷ್ಟ ಅಷ್ಟಿಷ್ಟಲ್ಲ. ‘ತಮ್ಮ ಶಾಸ್ತ್ರಶುದ್ಧ’ ಎನ್ನುವಷ್ಟರಲ್ಲಿ ಅವರ ಬಜೆಟ್ಟಿನ ಗಣನೀಯ ಭಾಗ ಮುಗಿದಿರುತ್ತದೆ. ಹೀಗಾಗಿ ಕನ್ನಡದ ಮೆಚ್ಚುಗೆ ಎರಡು ಮೂರು ತುಂಡಾಗಿ ಹೊರಡುತ್ತದೆ, ಹೊರಟ ತುಂಡುಗಳು ಹೊರಟ ಕ್ರಮದಲ್ಲೇ ಬಂದು ಮುಟ್ಟಬೇಕೆಂಬ ನಿಯಮವೇನೂ ಇರಲಿಲ್ಲ. ನನಗೊಮ್ಮೆ ಬೆಳಗಾಗೆದ್ದು ‘ಆದರೂ ಪ್ರಯತ್ನ ಬಿಡಬೇಡಿ’ ಎಂಬ ತುಂಡು ಮೊದಲು ಬಂತು. ಅದರ ಮುಂಭಾಗಕ್ಕೆ ಮಧ್ಯಾಹ್ನದವರೆಗೆ ಕಾದೆ. ಬಾರದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಕಂಡವನಿಗೆ ಈಮೇಲಿನ ಮೇಲೆ ಭರವಸೆ ಹುಟ್ಟಿದ್ದು ಸಹಜ. ಮೊಹರಿಲ್ಲ, ಗುಡ್ಡ ಹತ್ತುವುದಿಲ್ಲ, ಜಾಗದ ಮಿತಿಯಿಲ್ಲ. ಬಂದಿತು ಒಂದು ದಿನ, ಉದ್ದನೆಯ ಪತ್ರ. ತೆರೆದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ, ಇಂಗ್ಲಿಷೂ ಅಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಏಗಳು, ಎರಡು ಚುಕ್ಕಿಯ ಏಗಳು, ನಡುನಡುವೆ ಪೌಂಡು, ಯೆನ್ನು, ಸೆಂಟು. ಯಾವುದೋ ವಿದೇಶಿ ಬ್ಯಾಂಕಿನಿಂದ ಬಂದಿದೆ, ನನ್ನ ಹೆಸರಿಗೆ ಏನೋ ಜಮೆ ಆಗಿದೆ ಎಂದು ಒಂದು ಕ್ಷಣ ಎದೆ ಹಾರಿತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ನಮ್ಮಣ್ಣನ ಮಗ ಇಣುಕಿ ನೋಡಿದವನೇ, “ಅಯ್ಯೋ ಚಿಕ್ಕಪ್ಪ, ಇದು ಕನ್ನಡವೇ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದಾರೆ, ನಿಮ್ಮ ಹತ್ತಿರ ಆ ಫಾಂಟ್ ಇಲ್ಲ” ಎಂದ.

ಇದರ ಹಿಂದಿನ ಕಥೆ ಸ್ವಾರಸ್ಯದ್ದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆಂದು ಹಿಂದೆ ಇದ್ದದ್ದು 256 ಮನೆ. ಮೊದಲ ಅರ್ಧದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಸಾರ, ಉಳಿದ ಅರ್ಧದಲ್ಲಿ ಯುರೋಪಿನ ಓರೆಗೆರೆಯವರು, ಹಣದ ಗುರುತುಗಳು. ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಆಗ ನಮ್ಮವರು ಏನು ಮಾಡಿದರೆಂದರೆ, ಅವೇ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟರು. ಬಾಗಿಲ ಮೇಲಿನ ನಂಬರು ಹಳೆಯದೇ, ಒಳಗೆ ಕೂತದ್ದು ಕನ್ನಡದ ಒಂದು ತಲೆಕಟ್ಟು, ಒಂದು ಒತ್ತು, ಒಂದು ಕೊಂಬು. ಕನ್ನಡದ ಫಾಂಟು ಇರುವ ಯಂತ್ರದಲ್ಲಿ ಬಾಗಿಲು ತಟ್ಟಿದರೆ ನಮ್ಮವರು ಬಂದು ತೆರೆಯುತ್ತಾರೆ. ಫಾಂಟು ಇಲ್ಲದ ಯಂತ್ರದಲ್ಲಿ ಮೂಲ ಮನೆಯವರೇ ಎದ್ದು ಬಂದು ಯಾರು ಬೇಕಿತ್ತು ಎಂದು ನಿಲ್ಲುತ್ತಾರೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ನಿವೇಶನ ಮಂಜೂರಾಗಿತ್ತು. ಆದರೆ ಸೈಟು ಮಂಜೂರಾದ ಕೂಡಲೆ ಯಾರು ಬಾಡಿಗೆ ಮನೆ ಬಿಡುತ್ತಾರೆ? ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯುತ್ತಿರಲಿಲ್ಲವಾದ್ದರಿಂದ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು ಬಹಳ ಕಾಲ ಹಳೆಯ ಮನೆಯಲ್ಲೇ ಸಂಸಾರ ಹೂಡಿದ್ದವು. ಕೆಲವು ಈಗಲೂ ಇವೆ.

ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ಅಷ್ಟೂ ಅಕ್ಷರವನ್ನು ಇಂಗ್ಲಿಷಿನ ಅಷ್ಟೇ ಕೀಲಿಗಳಿಗೆ ಕೂರಿಸಿಕೊಟ್ಟರು, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಆ ಬಾಡಿಗೆ ಮನೆಯೂ ಇಲ್ಲದಿದ್ದರೆ ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ಅದು ಹಲ್ಲಿಯೋ ಹಳ್ಳಿಯೋ ಎಂದು ತಡಕಾಡುತ್ತ ಕೂತಿರಬೇಕಿತ್ತು.

ಅಣ್ಣನ ಮಗ ಕನ್ವರ್ಟರ್ ಹುಡುಕುವಷ್ಟು ಹೊತ್ತು ನಾನು ಸುಮ್ಮನೆ ಕೂರಲಿಲ್ಲ. ಅವನಿಂದ ಕಾಗದದ ಚೂರಿನ ಮೇಲೆ ಒಂದೊಂದೇ ಅಕ್ಷರ ಬರೆಸಿಕೊಂಡು ಆ ಲಿಪಿಯನ್ನು ಕಲಿಯತೊಡಗಿದೆ. ‘ಕನ್ನಡ’ ಎಂಬುದು ಅಲ್ಲಿ ಹೀಗೆ ಕಾಣುತ್ತದೆ: ಪಿ, ಓರೆಗೆರೆಯ ಏ, ಪೌಂಡಿನ ಗುರುತು, ಮತ್ತೆ ಓರೆಗೆರೆಯ ಏ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಅದೇ ಏ. ಅಂದರೆ ನಕಾರಕ್ಕೆ ಪೌಂಡು. ಈ ಲೆಕ್ಕ ತಿಳಿದ ಮೇಲೆ ನನಗೆ ಸಿಕ್ಕ ಜ್ಞಾನ ಸಣ್ಣದಲ್ಲ. ‘ನಾನು’ ಎಂದು ಬರೆದರೆ ಎರಡು ಪೌಂಡು. ‘ನನ್ನ’ ಎಂದರೂ ಎರಡು, ‘ನನಗೆ’ ಎಂದರೂ ಎರಡು. ಪಕಾರ ಯೆನ್; ಹಾಗಾಗಿ ಪತ್ರ, ಪುಸ್ತಕ, ಪ್ರಬಂಧ ಮೂರೂ ಜಪಾನಿನ ಹಣದಿಂದ ಶುರುವಾಗುತ್ತವೆ. ‘ದಿನ’ ಎಂಬುದು ಒಂದು ಸೆಂಟು, ಒಂದು ಪೌಂಡು. ‘ನೀವು’ ಎಂಬುದಕ್ಕೆ ಮಾತ್ರ ಮೊದಲಿಗೆ ನಾಲ್ಕು ಪುಟ್ಟ ಕಾಲಿನ ಒಂದು ಸೊನ್ನೆ. ಅದೂ ಹಣದ ಗುರುತೇ ಅಂತೆ, ಆದರೆ ಯಾವ ದೇಶದ್ದೆಂದು ಗೊತ್ತಿಲ್ಲದಾಗ ಹಾಕುವ ಸಾಮಾನ್ಯ ಗುರುತು. ನನ್ನ ಬೆಲೆ ಖಚಿತ, ನಿಮ್ಮದು ಇನ್ನೂ ಗೊತ್ತಾಗಬೇಕು! ಲಲಿತ ಪ್ರಬಂಧಕಾರರ ಜೀವನದೃಷ್ಟಿಯನ್ನು ಇಷ್ಟು ಚೊಕ್ಕವಾಗಿ ಹೇಳಿದ ವಿಮರ್ಶಕರನ್ನು ನಾನು ಕಂಡಿಲ್ಲ. ನನ್ನ ಹಳೆಯ ಪ್ರಬಂಧವೊಂದನ್ನು ಅಣ್ಣನ ಮಗ ಆ ಲಿಪಿಯಲ್ಲಿ ತೆರೆದು ತೋರಿಸಿದಾಗ ಮೊದಲ ಪುಟ ಪೂರ್ತಿ ಪೌಂಡುಗಳಿಂದ ಥಳಥಳಿಸುತ್ತಿತ್ತು. ಅದೇ ಬರಹಕ್ಕೆ ಬಂದ ‘ಸಂಭಾವನೆ’ಯಲ್ಲಿ ಕೊನೆಗೆ ಒಂದೇ ಒಂದು ಪೌಂಡು ಇದೆ. ರೂಪಾಯಿಯಂತೂ ಇಡೀ ಲಿಪಿಯಲ್ಲಿ ಎಲ್ಲೂ ಇಲ್ಲ. ಅದರ ಗುರುತು ಹುಟ್ಟಿದ್ದೇ 2010ರಲ್ಲಿ. ಅಷ್ಟರೊಳಗೆ ಮನೆಗಳೆಲ್ಲ ಭರ್ತಿಯಾಗಿದ್ದವು.

ಇಷ್ಟು ಪಾಂಡಿತ್ಯ ಬಂದ ಮೇಲೆ ಬಾಲ ಹುಡುಕುವುದು ಏನು ಮಹಾ? ನಾನು ‘ಇಲ್ಲ’ ಹೇಗೆ ಕಾಣುತ್ತದೆ ಎಂದು ಕೇಳಿಕೊಂಡೆ. ಲಕಾರಕ್ಕೆ ವೃತ್ತದೊಳಗೆ ಕೂತ ಆರ್, ಬ್ರಾಂಡಿನ ಹೆಸರುಗಳ ಪಕ್ಕ ಇರುತ್ತದಲ್ಲ, ನೋಂದಾಯಿತ ಎನ್ನುವ ಗುರುತು, ಅದು. ಲಕಾರದ ಒತ್ತಿಗೆ ಓರೆಗೆರೆ ಹೊತ್ತ ಸಣ್ಣ ಈ. ಇವೆರಡು ಜೋಡಿಯಾಗಿ ಬಂದರೆ ‘ಲ್ಲ’. ವಾಕ್ಯದ ಕೊನೆಗೆ ಬಂದರೆ ನಮ್ಮ ಕಥೆ ಮುಗಿಯಿತು. ಪತ್ರದ ಮೇಲೆ ಕಣ್ಣಾಡಿಸಿದೆ. ಒಂದು ನೋಂದಾಯಿತ ‘ಲ್ಲ’. ಅದರ ಪಕ್ಕ ಇನ್ನೊಂದು. ಕೆಳಗಿನ ಸಾಲಿನಲ್ಲಿ ಮತ್ತೆರಡು. ಸಾಲು ಸಾಲಿಗೂ ‘ಲ್ಲ’, ‘ಲ್ಲ’, ‘ಲ್ಲ’. ಇಷ್ಟೊಂದು ಇಲ್ಲಗಳನ್ನು ಒಬ್ಬ ಲೇಖಕನ ಮೇಲೆ ಒಂದೇ ಪತ್ರದಲ್ಲಿ ಹೇರಿದವರನ್ನು ನಾನು ನೋಡಿರಲಿಲ್ಲ. ಶೈಲಿ ಇಲ್ಲ, ಹಾಸ್ಯ ಇಲ್ಲ, ಹುರುಳಿಲ್ಲ, ಬರೆಯಲು ಬರುವುದಿಲ್ಲ ಎಂದೆಲ್ಲ ಒಂದೊಂದಕ್ಕೂ ನಾನೇ ಮುಂಭಾಗ ಕೂಡಿಸುತ್ತ ಹೋದೆ. ಇದುವರೆಗೆ ಬಾಲ ಇಲ್ಲದ ಪತ್ರಗಳಿಗೆ ಬಾಲ ಕೂಡಿಸಿದವನಿಗೆ ಬರಿಯ ಬಾಲಗಳಿಗೆ ಮೈ ಕೂಡಿಸುವ ಪಾಳಿ ಬಂತು. ಬಾಯಿ ಒಣಗಿ ಒಂದು ಲೋಟ ಮಜ್ಜಿಗೆ ತರಿಸಿಕೊಂಡೆ.

“ಆಯ್ತು ಚಿಕ್ಕಪ್ಪ” ಎಂದು ಅವನು ಗುಂಡಿ ಒತ್ತಿದ. ಪೌಂಡುಗಳೆಲ್ಲ ಮಾಯವಾಗಿ ಪುಟದ ತುಂಬ ದುಂಡು ದುಂಡು ಕನ್ನಡ. ಬರೆದವರು ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ನಮ್ಮ ಕಡೆಯ ಹಿರಿಯ ಹೆಂಗಸು. ‘ಮಾನ್ಯರೇ, ನೀವು ಆಲೆಮನೆಯ ಬಗ್ಗೆ ಬರೆದದ್ದು ಓದಿದ ಮೇಲೆ ಇಲ್ಲಿಯ ಬೆಲ್ಲ ಬೆಲ್ಲವೇ ಅಲ್ಲ ಅನ್ನಿಸಿದೆ. ನಮ್ಮ ಕಡೆಯ ಜೋನಿಬೆಲ್ಲ ಇಲ್ಲಿ ಇಲ್ಲವೇ ಇಲ್ಲ. ದೋಸೆಗೆ ಬೆಲ್ಲ ಇಲ್ಲದೆ ಮೊಮ್ಮಕ್ಕಳೆಲ್ಲ ಸಕ್ಕರೆ ಹಾಕಿಕೊಳ್ಳುತ್ತಾರೆ, ನನಗೆ ನೋಡಲಾಗುವುದಿಲ್ಲ. ಒಂದು ಡಬ್ಬಿ ಜೋನಿಬೆಲ್ಲ ಕಳಿಸಲು ಸಾಧ್ಯವೇ? ಹಣ ಮುಂಗಡ ಕಳಿಸುವೆ.’ ಹೀಗೆ ಪುಟದ ತುಂಬ ಬೆಲ್ಲ. ಕಬ್ಬಿನ ಹಾಲನ್ನು ಅಚ್ಚಿಗೆ ಹೊಯ್ಯುವ ಹದಕ್ಕಿಂತ ಮುಂಚೆಯೇ ಕೊಪ್ಪರಿಗೆಯಿಂದ ಇಳಿಸಿದರೆ ಜೋನಿ ಆಗುತ್ತದೆ, ನೀವು ಆ ಹದವನ್ನು ಇನ್ನೂ ಸ್ವಲ್ಪ ವಿವರವಾಗಿ ಬರೆಯಬೇಕಿತ್ತು ಎಂದೂ ಒಂದು ಸಾಲಿತ್ತು. ಪ್ರಬಂಧ ಚೆನ್ನಾಗಿದೆ ಎಂದು ಇಲ್ಲ, ಚೆನ್ನಾಗಿಲ್ಲ ಎಂದೂ ಇಲ್ಲ. ಬೆಲ್ಲ ಕಳಿಸಿಕೊಟ್ಟೆ. ಡಬ್ಬಿಯ ಬಾಯಿಗೆ ಮೇಣ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಟೇಪು ಸುತ್ತಿದ್ದರೂ ಒಂದಷ್ಟು ಸೋರಿತ್ತಂತೆ. ಮುಟ್ಟಿದ್ದು ಬಹಳ ಚೆನ್ನಾಗಿದೆ ಎಂದು ಬೆಲ್ಲದ ಬಗ್ಗೆ ಉತ್ತರ ಬಂತು, ಬಾಲ ಸಮೇತ.

ಈಗ ಬಹುಪಾಲು ಜನ ಯೂನಿಕೋಡಿನ ಸ್ವಂತ ಮನೆಗೆ ಬಂದಿದ್ದಾರೆ. ಅಲ್ಲಿಯ ಕಾಟಗಳು ಸೂಕ್ಷ್ಮ. ನಮ್ಮ ಕನ್ನಡದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿದೆ ಗೊತ್ತೇ? ಅದಕ್ಕೆ ಅಗಲವೇ ಇಲ್ಲ. ಎರಡು ವ್ಯಂಜನಗಳ ನಡುವೆ ನಿಂತು, ಒಂದರ ಕಾಲಡಿಗೆ ಇನ್ನೊಂದು ಹೋಗದ ಹಾಗೆ ತಡೆಯುವುದು ಅದರ ಕೆಲಸ. ಅದು ಇದ್ದರೆ ‘ರಾಜ್‌ಕುಮಾರ್’. ಯಾವುದಾದರೂ ಯಂತ್ರ ಗುಡಿಸುವ ಭರದಲ್ಲಿ ಅದನ್ನೂ ಗುಡಿಸಿ ಹಾಕಿದರೆ ‘ರಾಜ್ಕುಮಾರ್’. ವರನಟನ ಕಕಾರವನ್ನು ಜಕಾರದ ಕಾಲಡಿಗೆ ತಳ್ಳಿದರೆ ಕನ್ನಡಿಗರು ಸುಮ್ಮನಿರುತ್ತಾರೆಯೇ? ಟೆಂಟಿನಲ್ಲಿ ಸಿನಿಮಾ ನೋಡಿದ ನನ್ನ ಬರಹದ ಬಗ್ಗೆ ಒಬ್ಬರು ಎರಡು ಪುಟ ಬರೆದಿದ್ದರು. ಎರಡು ಪುಟವೂ ಆ ಒಂದು ಒತ್ತಿನ ಬಗ್ಗೆಯೇ. ‘ಸಾಫ್ಟ್‌ವೇರ್’ ಎಂಬ ಪದದಿಂದ ಆ ಕಾಣದ ಅಕ್ಷರ ಹಾರಿದರಂತೂ ‘ಸಾಫ್ಟ್ವೇರ್’ ಎಂದಾಗಿ ಫಕಾರದ ಕೆಳಗೆ ಟ, ಅದರ ಕೆಳಗೆ ವ ಜೋತುಬಿದ್ದು, ಕೆಳಗಿನ ಸಾಲಿನವರ ತಲೆಗೆ ತಾಗುತ್ತದೆ. ತಮ್ಮ ಹೆಸರನ್ನೇ ನೆಟ್ಟಗೆ ಬರೆದುಕೊಳ್ಳಲಾರದವರ ಕೈಯಲ್ಲಿ ನಮ್ಮ ಸಾಹಿತ್ಯ ಇದೆ.

ಹೊಸ ಓದುಗರು ಟೈಪು ಮಾಡುವ ಗೋಜಿಗೂ ಹೋಗುವುದಿಲ್ಲ. ಮೊಬೈಲಿನ ಮೈಕು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಬರೆದುಕೊಳ್ಳುತ್ತದೆ, ನಿಜ, ನೀವು ಹೇಳಿದ್ದನ್ನೇ ಎಂದು ಯಾರೂ ಹೇಳಿಲ್ಲ. ಶಿವಮೊಗ್ಗದ ಓದುಗರೊಬ್ಬರು ‘ನಿಮ್ಮ ಲಲಿತ ಪ್ರಬಂಧ’ ಎಂದು ಮನಸಾರೆ ನುಡಿದದ್ದು ನನ್ನ ವಾಟ್ಸಪ್ಪಿಗೆ ಬಂದು ಬಿದ್ದದ್ದು ಹೀಗೆ: ‘ನಿಮ್ಮ ಲಲಿತಾ ಸಂಬಂಧ ಓದಿ ತುಂಬಾ ಖುಷಿಯಾಯಿತು. ಈ ವಯಸ್ಸಿನಲ್ಲೂ ನಿಮ್ಮ ಉತ್ಸಾಹ ಮೆಚ್ಚುವಂಥದ್ದು. ಹೀಗೆಯೇ ಮುಂದುವರಿಸಿ.’ ಕನ್ನಡಕ ಒಳಗೆ ಬಿಟ್ಟು ಬಂದಿದ್ದೆನಾದ್ದರಿಂದ ಇದನ್ನು ಮನೆಯವಳ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದಿದ್ದೆ. ಗಟ್ಟಿಯಾಗಿಯೇ ಓದಿದಳು. ಪಕ್ಕದ ಮನೆಯವರು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ. ಒಂದಕ್ಷರ ತುಂಡಾಗಿರಲಿಲ್ಲ, ಬಾಲವೂ ಪೂರ್ತಿ ಇತ್ತು. ಇಷ್ಟು ವರ್ಷಗಳಲ್ಲಿ ನನಗೆ ಬಂದ ಪೂರ್ಣ ಪ್ರಮಾಣದ ಮೆಚ್ಚುಗೆ ಅದೊಂದೇ. ಪ್ರಬಂಧ ಎಂಬುದನ್ನು ಯಂತ್ರ ಸಂಬಂಧ ಎಂದು ಕೇಳಿಸಿಕೊಂಡಿದೆ ಎಂದು ನಾನು ಬಿಡಿಸಿ ಹೇಳಿದೆ. “ಅಲ್ರೀ, ಯಂತ್ರಕ್ಕೂ ಗೊತ್ತಾಗುವಷ್ಟು ಮುಂದುವರಿದಿದೆಯಾ?” ಎಂದಳು. ನಗುತ್ತಿದ್ದಳೋ ಇಲ್ಲವೋ, ಕನ್ನಡಕ ಇಲ್ಲದೆ ಕಾಣಲಿಲ್ಲ.

ಇನ್ನು ಮಾತೇ ಬೇಡವೆಂದು ಚಿತ್ರ ಕಳಿಸುವವರು ಇದ್ದಾರೆ. ಹೆಬ್ಬೆರಳು ಎತ್ತಿದ್ದರೆ ಸರಿ, ಅದರಲ್ಲಿ ಗೊಂದಲವಿಲ್ಲ. ಜೋಡಿಸಿದ ಎರಡು ಕೈ ಬಂದಾಗ ನನಗೆ ನಿದ್ದೆ ಬರುವುದಿಲ್ಲ. ಅದು ನಮಸ್ಕಾರವೋ, ಧನ್ಯವಾದವೋ, ದಮ್ಮಯ್ಯ ಸಾಕು ನಿಲ್ಲಿಸಿ ಎಂಬ ಬೇಡಿಕೆಯೋ? ಚಿತ್ರಕ್ಕೆ ಬಾಲವೇ ಇಲ್ಲ, ತುಂಡಾಯಿತು ಎಂದು ಹೇಳುವ ಹಾಗೂ ಇಲ್ಲ.

ಯಂತ್ರದ ಹಂಗಿಲ್ಲದ ಅಭಿಪ್ರಾಯವೂ ಆಗೀಗ ಸಿಗುತ್ತದೆ ಎಂದು ಹೇಳದಿದ್ದರೆ ತಪ್ಪಾದೀತು. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಅಡಿಕೆ ಮಂಡಿಯ ಕಡೆಯಿಂದ ಬಂದವರೊಬ್ಬರು ನನ್ನ ಎದುರು ನಿಂತು ದಿಟ್ಟಿಸಿ, “ಪೇಪರಿನಲ್ಲಿ ಬರೆಯೋರು ನೀವೇ ಅಲ್ವಾ?” ಎಂದರು. ಒಪ್ಪಿಕೊಂಡೆ. “ನಿಮ್ಮದು ಒಂದೂ ಬಿಡೋದಿಲ್ಲ ನಾನು” ಎಂದರು. ಬಸ್ಸು ಹೊರಡಲಿಲ್ಲ, ಹಾರ್ನು ಆಗಲಿಲ್ಲ, ಮೈಕಿನಲ್ಲಿ ಯಾವ ಊರಿನ ಹೆಸರೂ ಕೂಗಲಿಲ್ಲ. ಜನ್ಮದಲ್ಲಿ ಒಮ್ಮೆ ಲೈನು ಸ್ಪಷ್ಟವಾಗಿತ್ತು. ಅವರು ಕವಳ ಉಗುಳಿ ಬಂದು ಬಾಯಿ ಒರೆಸಿಕೊಂಡು ಮುಂದುವರಿಸಿದರು: “ಶುರು ಚೆನ್ನಾಗಿ ಮಾಡ್ತೀರಿ ಮಾರಾಯ್ರೆ. ಮಧ್ಯ ಮಧ್ಯ ನಗುವೂ ಬರ್ತದೆ. ಆದ್ರೆ ಎಲ್ಲಿಂದ ಎಲ್ಲಿಗೋ ಹೋಗಿ, ಕೊನೆಗೆ ಏನು ಹೇಳ್ತಿದ್ದೀರಿ ಅಂತ ಗೊತ್ತಾಗೋದ್ರೊಳಗೆ ಮುಗಿದೇ ಹೋಗಿರ್ತದೆ. ಜಾಗ ಸಾಕಾಗಲ್ಲ ಅಂತ ಪೇಪರಿನವರು ಕೊನೆಯ ಭಾಗ ಕತ್ತರಿಸಿ ಹಾಕ್ತಾರಾ ಹೇಗೆ?”

“ಹೌದು ನೋಡಿ,” ಎಂದೆ, “ಪ್ರತಿ ಸಲವೂ ಏನಾದರೊಂದು ತಾಂತ್ರಿಕ ತೊಂದರೆ.”